‘ಜನಶತ್ರು’ ಯಾರು?

ಒಂದು ಕೃತಿ ತಾನು ಹುಟ್ಟಿದ ದೇಶವನ್ನೂ ಕಾಲವನ್ನೂ ದಾಟಿ ಬಂದು ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ನಮ್ಮ ಮಾತನ್ನೇ ಆಡತೊಡಗಿದರೆ, ಅದನ್ನು ದೊಡ್ಡ ಕೃತಿಯೆಂದು ಒಪ್ಪಿಕೊಳ್ಳಲು ವಿಮರ್ಶಕನ ಅಪ್ಪಣೆ ಬೇಕಿಲ್ಲ. ನಾರ್ವೆ ದೇಶದ ನಾಟಕಕಾರ ಹೆನ್ರಿಕ್ ಇಬ್ಸೆನ್ 1882ರಲ್ಲಿ ಬರೆದ, ‘ಜನಶತ್ರು’ ಎಂದು ಕನ್ನಡಿಸಬಹುದಾದ ಐದು ಅಂಕಗಳ ನಾಟಕ ಅಂತಹದು. ಅದನ್ನಾಧರಿಸಿ ಸತ್ಯಜಿತ್ ರೇ ಅವರು 1989ರಲ್ಲಿ ಬಂಗಾಳಿಯಲ್ಲಿ ‘ಗಣಶತ್ರು’ ಎಂಬ ಚಿತ್ರವನ್ನು ನಿರ್ಮಿಸಿದರು. ಈ ಎರಡನ್ನೂ ಜೊತೆಗಿರಿಸಿ ನೋಡುವುದು ಈ ಲೇಖನದ ಉದ್ದೇಶ. ಆದರೆ ಇದು ಕೇವಲ ಸಾಹಿತ್ಯಾಸಕ್ತಿಯಿಂದ ಹುಟ್ಟಿದ ತೌಲನಿಕ ಅಧ್ಯಯನವಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಂದು ನಮ್ಮ ನಾಡಿನ ಸಾಮಾನ್ಯ ಮನುಷ್ಯನ ಬಾಯಲ್ಲಿ ಕೇಳಿಬರುವ ನಿಟ್ಟುಸಿರೊಂದುಂಟು. ಆಸ್ಪತ್ರೆಯಲ್ಲಿ ಹಣ ಕಟ್ಟುವ ಕಿಂಡಿಯ ಮುಂದೆ ನಿಂತು, ಮಾರಿದ ಹೊಲದ ದುಡ್ಡನ್ನು ಎಣಿಸಿಕೊಡುವ ರೈತನಿಗೆ, ತಾನು ಕೊಡುತ್ತಿರುವುದು ಯಾವುದರ ಬೆಲೆಯೆಂದು ತಿಳಿಯದು. ಶಾಸಕರಿಗೆ ಹೇಳೋಣವೆಂದರೆ ಅವರ ಚುನಾವಣೆಯ ವೆಚ್ಚವನ್ನು ಯಾರು ಭರಿಸಿದರೆಂಬುದೂ ತಿಳಿಯದು. ಚಿಕಿತ್ಸೆಯೂ ರಾಜಕಾರಣವೂ ಒಂದೇ ಹಣದ ಚೀಲದಿಂದ ನಡೆಯುತ್ತಿವೆಯೇ ಎಂಬ ಶಂಕೆ, ‘ಯಾರಿಗೆ ಹೇಳೋಣ?’ ಎಂಬ ಹತಾಶೆಯಾಗಿ ಮಾರ್ಪಡುತ್ತದೆ. ಈ ಹತಾಶೆಯ ಒಳರಚನೆಯನ್ನು ನೂರನಲವತ್ತು ವರ್ಷಗಳ ಹಿಂದೆಯೇ ಬಿಡಿಸಿ ತೋರಿಸಿದವನು ಇಬ್ಸೆನ್. ಆದುದರಿಂದಲೇ ಅವನನ್ನು ಈಗ ಮತ್ತೆ ಓದಬೇಕಾಗಿದೆ.

ನಾಟಕದ ಕಥೆ ಸರಳವಾದುದು. ನಾರ್ವೆಯ ದಕ್ಷಿಣ ಕರಾವಳಿಯ ಒಂದು ಪುಟ್ಟ ಪಟ್ಟಣ. ಅಲ್ಲಿಗೆ ಹೊಸದಾಗಿ ಬಂದಿರುವ ಆರೋಗ್ಯ ಸ್ನಾನಗೃಹಗಳಿಂದಾಗಿ ಹೊರಗಿನ ರೋಗಿಗಳು ಬರತೊಡಗಿದ್ದಾರೆ. ಮನೆಬಾಡಿಗೆ ಏರಿದೆ, ವ್ಯಾಪಾರ ಕುದುರಿದೆ. ಸ್ನಾನಗೃಹಗಳ ವೈದ್ಯಾಧಿಕಾರಿ ಡಾಕ್ಟರ್ ಥಾಮಸ್ ಸ್ಟಾಕ್‌ಮನ್. ಅವನ ಅಣ್ಣ ಪೀಟರ್ ಪಟ್ಟಣದ ಮೇಯರ್, ಸ್ನಾನಗೃಹ ಸಮಿತಿಯ ಅಧ್ಯಕ್ಷನೂ ಹೌದು. ಹಿಂದಿನ ವರ್ಷ ಬಂದವರಲ್ಲಿ ಕೆಲವರು ಜ್ವರದಿಂದ ನರಳಿದ್ದನ್ನು ಕಂಡ ವೈದ್ಯನು ನೀರಿನ ಮಾದರಿಯನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸುತ್ತಾನೆ. ಮೇಲಿನ ಕಣಿವೆಯ ಚರ್ಮ ಹದಮಾಡುವ ಕಾರ್ಖಾನೆಗಳ ಹೊಲಸು ನೀರಿಗೆ ಸೇರುತ್ತಿದೆಯೆಂಬುದು ಸಿದ್ಧಪಡುತ್ತದೆ. ಗುಣವಾಗಲೆಂದು ಬಂದವರಿಗೆ ಸ್ನಾನಗೃಹವೇ ರೋಗ ಹಂಚುತ್ತಿದೆ! ಇದನ್ನು ಕಂಡುಹಿಡಿದ ತನಗೆ ಊರು ಕೃತಜ್ಞವಾಗುವುದೆಂದು ಆ ಮುಗ್ಧನು ನಂಬುತ್ತಾನೆ. ಕೊನೆಗೆ ಅವನಿಗೆ ದೊರೆಯುವುದು ತುಂಬಿದ ಸಭೆಯಲ್ಲಿ ‘ಜನಶತ್ರು’ ಎಂಬ ಬಿರುದು, ಕಲ್ಲೇಟಿಗೆ ಒಡೆದ ಕಿಟಕಿಗಳು, ಕೈತಪ್ಪಿದ ಉದ್ಯೋಗ.

ಈ ಪತನವನ್ನು ಇಬ್ಸೆನ್ ಯಾವ ಕ್ರಮದಲ್ಲಿ ನಡೆಸುತ್ತಾನೆಂಬುದು ಗಮನಾರ್ಹ. ಮೂರನೆಯ ಅಂಕದವರೆಗೂ ಪತ್ರಿಕೆ ವೈದ್ಯನ ಪರವಾಗಿದೆ. ಸಂಪಾದಕ ಹೋವ್‌ಸ್ಟಾಡ್ ಲೇಖನವನ್ನು ಅಚ್ಚು ಮಾಡಲು ಸಿದ್ಧನಾಗಿದ್ದಾನೆ. ಮನೆಮಾಲೀಕರ ಸಂಘದ ಮುಖ್ಯಸ್ಥನೂ ಮುದ್ರಕನೂ ಆದ ಆಸ್ಲಾಕ್‌ಸನ್, ಬಹುಮತವೇ ತಮ್ಮ ಬೆನ್ನಿಗಿದೆಯೆಂದು ಅಭಯ ಕೊಟ್ಟಿದ್ದಾನೆ. ಆಗ ಮೇಯರ್ ಮುದ್ರಣಾಲಯಕ್ಕೆ ಬರುತ್ತಾನೆ. ಅವನು ಯಾರನ್ನೂ ಬೆದರಿಸುವುದಿಲ್ಲ, ಲಂಚ ಕೊಡುವುದಿಲ್ಲ. ಒಂದು ಲೆಕ್ಕವನ್ನು ಮಾತ್ರ ಮುಂದಿಡುತ್ತಾನೆ. ಕೊಳವೆಗಳನ್ನು ಬದಲಿಸಲು ಲಕ್ಷಗಟ್ಟಲೆ ಕ್ರೋನರ್ ಬೇಕು, ಎರಡು ವರ್ಷ ಸ್ನಾನಗೃಹ ಮುಚ್ಚಿರಬೇಕು. ಆ ಹಣವನ್ನು ಪಾಲುದಾರರು ಕೊಡಲಾರರು. ಊರಿನವರೇ ಸಾಲವೆತ್ತಿ ಹೊರಬೇಕು. ಇಷ್ಟು ಕೇಳಿದ್ದೇ ತಡ, ಆಸ್ಲಾಕ್‌ಸನ್ನನ ಧೈರ್ಯ ಕರಗುತ್ತದೆ, ಸಂಪಾದಕನ ಸತ್ಯನಿಷ್ಠೆ ಬಣ್ಣ ಬದಲಿಸುತ್ತದೆ.

ಇಡೀ ನಾಟಕದ ಕೀಲಿ ಇರುವುದು ಈ ದೃಶ್ಯದಲ್ಲಿ. ಲಾಭ ಬಂದಾಗ ಅದು ಪಾಲುದಾರರದು. ಹೊಲಸನ್ನು ತೊಳೆಯುವ ಖರ್ಚು ಬಂದಾಗ ಅದು ಪ್ರಜೆಗಳದು. ಈ ಅನ್ಯಾಯವನ್ನು ಕಂಡು ಪ್ರಜೆಗಳು ಪಾಲುದಾರರ ಮೇಲೆ ಸಿಟ್ಟಾಗಬೇಕಿತ್ತು. ಆದರೆ ಅವರು ಸಿಟ್ಟಾಗುವುದು ಸತ್ಯ ಹೇಳಿದ ವೈದ್ಯನ ಮೇಲೆ. ಹಣವುಳ್ಳವರು ಪ್ರಜೆಯನ್ನು ಗೆಲ್ಲುವುದು ಕತ್ತಿಯಿಂದಲ್ಲ. ತಮ್ಮ ನಷ್ಟವನ್ನು ಪ್ರಜೆಯ ನಷ್ಟವೆಂದು ಅವನೇ ನಂಬುವಂತೆ ಮಾಡುವ ಮೂಲಕ ಎಂಬುದನ್ನು ಇಷ್ಟು ಸ್ಪಷ್ಟವಾಗಿ ರಂಗದ ಮೇಲೆ ತೋರಿಸಿದ ನಾಟಕಗಳು ವಿರಳ.

ಹೀಗೆ ರೋಗನಿದಾನದಲ್ಲಿ ಇಬ್ಸೆನ್ ಅದ್ವಿತೀಯನೆಂದು ಒಪ್ಪಿದರೂ, ಅವನು ಸೂಚಿಸುವ ಔಷಧದ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು. ನಾಲ್ಕನೆಯ ಅಂಕದ ಸಭೆಯಲ್ಲಿ ಸ್ಟಾಕ್‌ಮನ್ ನೀರಿನ ಮಾತನ್ನು ಬಿಟ್ಟು ಬಹುಮತವನ್ನೇ ಹಳಿಯತೊಡಗುತ್ತಾನೆ. ಸತ್ಯದ ಪರಮ ವೈರಿ ಬಹುಸಂಖ್ಯಾತರೇ ಎನ್ನುತ್ತಾನೆ. ಜಾತಿನಾಯಿಯನ್ನೂ ಬೀದಿನಾಯಿಯನ್ನೂ ಹೋಲಿಸಿ ಮನುಷ್ಯರಲ್ಲಿಯೂ ಅಂತಹ ಭೇದವುಂಟೆಂದು ವಾದಿಸುತ್ತಾನೆ. ಕೊನೆಯ ಅಂಕದಲ್ಲಿ, ಏಕಾಂಗಿಯಾಗಿ ನಿಲ್ಲಬಲ್ಲವನೇ ಜಗತ್ತಿನ ಅತ್ಯಂತ ಬಲಶಾಲಿ ಎಂಬ ನಿಲುವಿಗೆ ಬರುತ್ತಾನೆ. ಹಿಂದಿನ ವರ್ಷ ತನ್ನ ‘ಪ್ರೇತಗಳು’ ನಾಟಕಕ್ಕೆ ಬಂದ ಕಟುನಿಂದೆಯ ನೋವು ಇಬ್ಸೆನ್ನನ ಲೇಖನಿಯಲ್ಲಿ ಇನ್ನೂ ಹಸಿಯಾಗಿತ್ತು ಎಂಬುದು ಇದಕ್ಕೆ ಕಾರಣವಾಗಿರಬಹುದು. ನಾಟಕಕಾರನು ತನ್ನ ನಾಯಕನನ್ನು ನೋಡಿ ಅಲ್ಲಲ್ಲಿ ನಗುತ್ತಲೂ ಇದ್ದಾನೆ ಎಂಬುದು ನಿಜ. ಆದರೂ ಹುಟ್ಟಿನಿಂದ ಮೇಲುಕೀಳನ್ನು ಎಣಿಸುವ ಮಾತನ್ನು, ಅದು ಎಂತಹ ಸತ್ಯವಂತನ ಬಾಯಿಂದ ಬಂದರೂ, ನಾವು ಒಪ್ಪಲಾರೆವು. ಮೋಸಹೋದವನನ್ನೇ ಕೀಳೆಂದು ಕರೆದರೆ ಮೋಸ ಮಾಡಿದವನು ಸದ್ದಿಲ್ಲದೆ ಹಿಂಬಾಗಿಲಿನಿಂದ ಹೊರಟುಹೋಗುತ್ತಾನೆ. ನಾಟಕದಲ್ಲಿ ಆಗುವುದೂ ಅದೇ. ಊರೆಲ್ಲ ವೈದ್ಯನನ್ನು ಬೈಯುತ್ತಿರುವಾಗ, ಅವನ ಮಾವನಾದ ಮಾರ್ಟನ್ ಕೀಲ್, ಕಾರ್ಖಾನೆಯ ಒಡೆಯ, ಅಗ್ಗವಾಗಿ ಬಿದ್ದ ಸ್ನಾನಗೃಹದ ಪಾಲುಗಳನ್ನು ತೆಪ್ಪಗೆ ಕೊಳ್ಳುತ್ತಿರುತ್ತಾನೆ.

ಸತ್ಯಜಿತ್ ರೇ ಅವರ ಹಿರಿಮೆಯಿರುವುದು ಈ ದೋಷವನ್ನು ಅವರು ಗುರುತಿಸಿದ್ದರಲ್ಲಿ. ಹೃದ್ರೋಗದಿಂದ ಚೇತರಿಸಿಕೊಳ್ಳುತ್ತಿದ್ದ ಅವರು ಈ ಚಿತ್ರವನ್ನು ಬಹುಮಟ್ಟಿಗೆ ಸ್ಟುಡಿಯೋದ ಒಳಗೇ ಚಿತ್ರೀಕರಿಸಿದರು. ಅದರಿಂದ ಚಿತ್ರಕ್ಕೆ ರಂಗನಾಟಕದ ಬಿಗುವು ಬಂದುಬಿಟ್ಟಿದೆ; ಅವರ ಆರಂಭದ ಕೃತಿಗಳಲ್ಲಿರುವ ಬಯಲಿನ ಉಸಿರು ಇಲ್ಲಿಲ್ಲ. ಇದು ಕೊರತೆಯೇ ಸರಿ. ಆದರೆ ಕಥೆಯಲ್ಲಿ ಅವರು ಮಾಡಿದ ಮಾರ್ಪಾಡುಗಳು ಮೌಲಿಕವಾದುವು. ಊರು ಬಂಗಾಳದ ಚಂಡೀಪುರವಾಯಿತು. ಸ್ನಾನಗೃಹದ ನೀರು ದೇವಾಲಯದ ತೀರ್ಥವಾಯಿತು. ಒಡೆದ ಕೊಳವೆಯಿಂದ ಸೇರಿದ ಕಲ್ಮಷ ಭಕ್ತರಿಗೆ ಕಾಮಾಲೆಯನ್ನು ಹಂಚುತ್ತಿದೆಯೆಂದು ಡಾಕ್ಟರ್ ಅಶೋಕ್ ಗುಪ್ತ (ಸೌಮಿತ್ರ ಚಟರ್ಜಿ) ಎಚ್ಚರಿಸಿದಾಗ, ಪುರಸಭೆಯ ಅಧ್ಯಕ್ಷನಾದ ತಮ್ಮನೂ ದೇವಾಲಯದ ಆದಾಯದಲ್ಲಿ ಆಸಕ್ತಿಯುಳ್ಳ ಧನಿಕನೂ ಒಂದಾಗುತ್ತಾರೆ. ತುಳಸಿ ಬಿದ್ದ ತೀರ್ಥ ಕೆಡಲಾರದು ಎಂಬುದು ಅವರ ವಾದ. ಸಭೆಯಲ್ಲಿ ವೈದ್ಯನಿಗೆ ಹಾಕುವ ಪ್ರಶ್ನೆ ನೀರಿನ ಬಗೆಗಲ್ಲ, ಅವನು ಹಿಂದುವೇ ಅಲ್ಲವೇ ಎಂಬ ಬಗೆಗೆ!

ಧಾರ್ಮಿಕ ಪತ್ರಿಕೆಯ ಓದುಗರಾದ ನಾವು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಈ ಚಿತ್ರ ಭಕ್ತಿಯನ್ನು ಅವಹೇಳನ ಮಾಡುತ್ತದೆಂದು ಕೆಲವರಿಗೆ ತೋರಬಹುದು. ಅದು ಸರಿಯಲ್ಲ. ಭಕ್ತನ ಆರೋಗ್ಯಕ್ಕಾಗಿ ಹೋರಾಡುವವನು ಭಕ್ತಿಯ ವೈರಿಯಾಗಲಾರ. ಭಕ್ತನ ನಂಬಿಕೆಯನ್ನೇ ಬಂಡವಾಳವಾಗಿಸಿಕೊಂಡು, ಪ್ರಶ್ನಿಸಿದವನ ಬಾಯಿಗೆ ಧರ್ಮದ ಬೀಗ ಹಾಕುವವನೇ ಅದರ ನಿಜವಾದ ವೈರಿ. ಇದನ್ನು ತೋರಿಸಿದ ರೇ ಅವರು ಧರ್ಮಕ್ಕೆ ಉಪಕಾರವನ್ನೇ ಮಾಡಿದ್ದಾರೆ.

ಮುಕ್ತಾಯವಂತೂ ಇಬ್ಸೆನ್ನನದಕ್ಕೆ ಪೂರ್ತಿ ವಿರುದ್ಧ. ಎಲ್ಲರೂ ಕೈಬಿಟ್ಟರೆಂದು ಕುಗ್ಗಿದ ಡಾಕ್ಟರ್ ಗುಪ್ತನ ಮನೆಯ ಹೊರಗೆ ತರುಣರ ಜಯಘೋಷ ಕೇಳಿಸುತ್ತದೆ. ತಾನು ಒಂಟಿಯಲ್ಲವೆಂದು ಅವನಿಗೆ ಅರಿವಾಗುತ್ತದೆ. ಈ ಮುಕ್ತಾಯ ತೀರ ಸುಲಭವಾಯಿತೆಂದು ಆಕ್ಷೇಪಿಸಬಹುದು. ಜಯಘೋಷ ಕೇಳಿಸುತ್ತದೆಯೇ ಹೊರತು ಆ ಜನ ಕಾಣಿಸುವುದಿಲ್ಲ. ನಾಳೆ ಅವರು ಕೊಳವೆಯನ್ನು ಹೇಗೆ ಬದಲಿಸುತ್ತಾರೆಂಬುದೂ ಗೊತ್ತಾಗುವುದಿಲ್ಲ. ಇಬ್ಸೆನ್ನನ ಕಹಿ ಅತಿಯಾಯಿತು, ರೇ ಅವರ ಸಿಹಿ ಅವಸರದ್ದಾಯಿತು. ಇವೆರಡರ ನಡುವಣ ದಾರಿಯನ್ನು ಬಾಳಿನಲ್ಲಿಯೇ ಹುಡುಕಬೇಕು.

ಅದಕ್ಕೆ ನಿದರ್ಶನಗಳು ದೂರದಲ್ಲಿಲ್ಲ. ಹೃದಯದ ರಕ್ತನಾಳದಲ್ಲಿ ಅಳವಡಿಸುವ ಸ್ಟೆಂಟ್ ಎಂಬ ಸಣ್ಣ ಜಾಲರಿಗೆ ರೋಗಿಯಿಂದ ಲಕ್ಷಕ್ಕೂ ಮೀರಿ ಹಣ ಪಡೆಯುತ್ತಿದ್ದ ಕಾಲವೊಂದಿತ್ತು. ಇದರ ವಿರುದ್ಧ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಅರ್ಜಿ ಹೂಡಿದವರು ಒಬ್ಬ ವಕೀಲರು. 2016ರಲ್ಲಿ ಸ್ಟೆಂಟ್ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಗಳ ಮಿತಿಯನ್ನು ವಿಧಿಸಿತು. ಒಬ್ಬನು ನಿಂತದ್ದು ನಿಜ. ಆದರೆ ಅವನು ಜನರನ್ನು ಶಪಿಸಲಿಲ್ಲ, ಜನರ ಕಾನೂನನ್ನು ಕೈಗೆತ್ತಿಕೊಂಡನು.

ಅದೇ ವರ್ಷ ಕರ್ನಾಟಕದಲ್ಲಿ ನಡೆದುದು ಬೇರೆಯೇ ಕಥೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ಸರ್ಕಾರ ತಂದ ತಿದ್ದುಪಡಿ, ಚಿಕಿತ್ಸೆಯ ದರಗಳನ್ನು ನಿಗದಿಪಡಿಸುವುದಕ್ಕೂ ತಪ್ಪಿದವರಿಗೆ ಕಾರಾಗೃಹ ವಾಸಕ್ಕೂ ಎಡೆಮಾಡಿತ್ತು. ನವೆಂಬರಿನಲ್ಲಿ ಬೆಳಗಾವಿಯ ಅಧಿವೇಶನ ನಡೆದಿರುವಾಗಲೇ ನಾಡಿನ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಮಸೂದೆ ಅಂಗೀಕಾರವಾಯಿತು, ಆದರೆ ದರನಿಗದಿ ಸರ್ಕಾರಿ ಯೋಜನೆಗಳಡಿಯ ಚಿಕಿತ್ಸೆಗೆ ಸೀಮಿತವಾಯಿತು, ಹೆಚ್ಚು ಹಣ ಪಡೆದವರಿಗೆ ಸೆರೆಮನೆಯ ಮಾತು ಕೈಬಿಟ್ಟುಹೋಯಿತು. ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯಬಾರದೆಂಬ ನಿಯಮ ಉಳಿದುಕೊಂಡಿತು. ಸಣ್ಣ ಊರಿನಲ್ಲಿ ಹತ್ತು ಹಾಸಿಗೆಯ ಆಸ್ಪತ್ರೆ ನಡೆಸುವ ವೈದ್ಯರ ಅಂಜಿಕೆಯಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾಗದು. ಆದರೆ ಅವರ ನೆರಳಿನಲ್ಲಿ ದೊಡ್ಡ ಬಂಡವಾಳದ ಆಸ್ಪತ್ರೆಗಳೂ ಪಾರಾದವು. ಆಸ್ಲಾಕ್‌ಸನ್ನನ ಹಿಂದೆ ಪಾಲುದಾರರು ಅಡಗಿದ್ದುದು ಹೀಗೆಯೇ ಅಲ್ಲವೇ?

ಇನ್ನು ರಾಜಕೀಯ ಪಕ್ಷಗಳಿಗೆ ಸಲ್ಲುವ ಕಾಣಿಕೆಯ ವಿಚಾರ. ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದ ಶೇಕಡಾ 7.5ರಷ್ಟನ್ನು ಮಾತ್ರ ಪಕ್ಷಗಳಿಗೆ ಕೊಡಬಹುದೆಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಲಾಯಿತು. 2018ರ ಜನವರಿಯಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡುಗಳು ಕೊಟ್ಟವರ ಹೆಸರನ್ನು ಮತದಾರನಿಂದ ಮರೆಮಾಡಿದವು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಆ ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸಿತು; ಮುಂದಿನ ತಿಂಗಳು ಪ್ರಕಟವಾದ ಪಟ್ಟಿಯಲ್ಲಿ ಔಷಧ ತಯಾರಕರೂ ಆಸ್ಪತ್ರೆ ಕಂಪನಿಗಳೂ ಇದ್ದರು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನಾದರೂ ಪಡೆದರೆಂದು ಕೇವಲ ಪಟ್ಟಿಯಿಂದ ಸಾಧಿಸಲಾಗದು. ಆದರೆ ನಮಗೆ ಮದ್ದು ಮಾರುವವರೂ ಆ ಮದ್ದಿನ ಮೇಲೆ ಕಾಯಿದೆ ಮಾಡುವವರೂ ಕತ್ತಲಲ್ಲಿ ಭೇಟಿಯಾಗಬಾರದು ಎಂಬುದು ಪ್ರಜೆಯ ನ್ಯಾಯವಾದ ಬೇಡಿಕೆ. ನ್ಯಾಯಾಲಯ ಎತ್ತಿಹಿಡಿದುದೂ ಮತದಾರನ ಈ ತಿಳಿಯುವ ಹಕ್ಕನ್ನೇ.

ಹಾಗಾದರೆ ದೋಷವೆಲ್ಲ ಪರರದೇ? ಇಬ್ಸೆನ್ ನಮ್ಮನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ವೈದ್ಯನಾಗಲು ಹೊರಟ ತರುಣನು ಮೊದಲ ದಿನವೇ ಕಟ್ಟುವ ಹಣ ಮುಂದೆ ರೋಗಿಯ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲಿಯೇ ಕಾಯಿದೆ ಮಾಡಿತು. ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಪದ್ಧತಿಯನ್ನು ಖಂಡಿಸಿತು. ಆದರೂ ವೈದ್ಯಶಿಕ್ಷಣ ಅಗ್ಗವಾಗಲಿಲ್ಲ. ಆ ಶಿಕ್ಷಣವನ್ನು ನಡೆಸುವವರಲ್ಲಿ ಉದ್ಯಮಿಗಳಂತೆ ಮಠಮಾನ್ಯಗಳೂ ಇವೆ. ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ವೈದ್ಯರಿದ್ದಾರೆ, ಔಷಧದ ವ್ಯಾಪಾರಿಗಳಿದ್ದಾರೆ, ಶಾಸಕರೂ ಇದ್ದಾರೆ. ಹಣ ಕಟ್ಟುವ ಕಿಂಡಿಯ ಆಚೆ ನಿಂತವನು ನಮ್ಮ ರೈತನಾದರೆ ಈಚೆ ಕುಳಿತವನೂ ನಮ್ಮವನೇ ಆಗಿರಬಹುದು. ದಾಸೋಹದ ಅನ್ನ ತಿಂದವನಿಗೆ ಈ ಮಾತು ತುಸು ನಾಟಿದರೆ ಅದು ಶುಭಲಕ್ಷಣವೇ.

ಒಟ್ಟಿನಲ್ಲಿ ಇಬ್ಸೆನ್ನನ ನಾಟಕ ಹೆಚ್ಚು ಪ್ರಖರವಾದುದು, ರೇ ಅವರ ಚಿತ್ರ ಹೆಚ್ಚು ಮಾನವೀಯವಾದುದು. ಮೊದಲನೆಯದರಿಂದ ಲೆಕ್ಕವನ್ನು ಓದುವ ಕಣ್ಣನ್ನೂ ಎರಡನೆಯದರಿಂದ ಜನರಲ್ಲಿ ವಿಶ್ವಾಸವನ್ನೂ ಪಡೆದುಕೊಳ್ಳುವುದು ವಿವೇಕ. ನಾಟಕದ ಕೊನೆಯಲ್ಲಿ, ಎಲ್ಲವನ್ನೂ ಕಳೆದುಕೊಂಡ ಸ್ಟಾಕ್‌ಮನ್ ಊರನ್ನು ಬಿಟ್ಟು ಹೋಗದೆ, ಬೀದಿಯ ಬಡ ಹುಡುಗರನ್ನು ಕರೆತಂದು ತನ್ನ ಮಕ್ಕಳ ಜೊತೆಗೆ ಕಲಿಸಬೇಕೆಂದು ನಿಶ್ಚಯಿಸುತ್ತಾನೆ. ತಾನು ಹಳಿದ ಜನರ ಮಕ್ಕಳಲ್ಲಿಯೇ ಅವನು ಕೊನೆಗೆ ಭರವಸೆಯಿಡುತ್ತಾನೆ. ಅವನ ಭಾಷಣಕ್ಕಿಂತ ಈ ನಿಶ್ಚಯ ದೊಡ್ಡದು. ಹುಡುಗರಿಗೆ ಅನ್ನವಿಟ್ಟು ಅಕ್ಷರ ಕಲಿಸುವ ಕಾಯಕವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಸಂಸ್ಥೆಗಳ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಕಲಿತವರು ನಾಳೆ ನೀರನ್ನು ಪರೀಕ್ಷಿಸುವ ಧೈರ್ಯ ತೋರುವರೋ, ಪಾಲುಗಳನ್ನು ಕೊಳ್ಳುವ ಜಾಣ್ಮೆ ತೋರುವರೋ ಎಂಬುದಷ್ಟೇ ಉಳಿದಿರುವ ಪ್ರಶ್ನೆ. ಉತ್ತರ ಕೊಡಬೇಕಾದವರು ನಾವೇ.