ಟಿಕ್ ಹಸಿರು, ಬೆನ್ನು ಹುಣ್ಣು

ಸೊಂಟದ ಮೂಳೆ ಮುರಿದು ಅಪ್ಪ ಹಾಸಿಗೆ ಹಿಡಿದಾಗ ಒಂದು ಏಜೆನ್ಸಿ ಮೂಲಕ ನೋಡಿಕೊಳ್ಳುವ ಹುಡುಗಿಯನ್ನು ಗೊತ್ತುಮಾಡಿದ್ದೆವು. ಬೆಳಿಗ್ಗೆ ಅವಳು ಮನೆಯೊಳಗೆ ಕಾಲಿಟ್ಟ ಕೂಡಲೇ ನನ್ನ ಫೋನು ಟಿಣ್ ಅನ್ನೋದು. ಆಮೇಲೆ ಬಿಪಿ, ಮಾತ್ರೆ, ಊಟ, ಮಗ್ಗುಲು ಬದಲಿಸಿದ್ದು, ಒಂದೊಂದಕ್ಕೂ ಒಂದು ಹಸಿರು ಟಿಕ್. ಮೀಟಿಂಗ್‌ನಲ್ಲಿ ಕೂತೇ ಅದನ್ನು ನೋಡಿ ನೆಮ್ಮದಿಯಾಗಿರುತ್ತಿದ್ದೆ. ಹನ್ನೊಂದನೇ ದಿನ ಪಂಚೆ ಬದಲಿಸುವಾಗ ಅಮ್ಮ ನೋಡಿದರೆ, ಬೆನ್ನಿನ ಬುಡದ ಮೂಳೆಯ ಮೇಲೆ ನಾಣ್ಯದಷ್ಟಗಲ ಚರ್ಮ ಕಿತ್ತುಹೋಗಿತ್ತು. ಬೆಡ್ ಸೋರ್. ಆವತ್ತೂ ಟಿಕ್ಕುಗಳೆಲ್ಲ ಹಸಿರೇ.

ರೇಗಿದೆ. ಸಿಟ್ಟು ಇಳಿದ ಮೇಲೆ ಕೇಳಿದೆ, "ಅಲ್ಲಮ್ಮ, ಟ್ರೈನಿಂಗ್‌ನಲ್ಲಿ ಏನು ಹೇಳಿಕೊಟ್ರು?"

"ಎರಡು ದಿನ ಇತ್ತಕ್ಕ. ಆಪ್ ಬಳಸೋದು, ಲೊಕೇಶನ್ ಆನ್ ಇಡೋದು. ಟಿಕ್ ತಪ್ಪಿದ್ರೆ ಸಂಬಳ ಕಟ್. ಚರ್ಮ ಕೆಂಪಾದ್ರೆ ಹೇಳಿ ಅಂದಿದ್ರು. ತಾತಂದು ಕೆಂಪಾಗಲೇ ಇಲ್ಲ."

ಅವಳು ಹೇಳಿದ್ದು ನಿಜ. ಕೆಂಪಾಗುವುದು ಬಿಳಿ ಚರ್ಮದ ಲಕ್ಷಣ. ಅಪ್ಪನಂಥ ಕಪ್ಪು ಮೈಯಲ್ಲಿ ಮೊದಲ ಹಂತದ ಬೆಡ್ ಸೋರ್ ಕಣ್ಣಿಗಿಂತ ಕೈಗೆ ಮೊದಲು ಸಿಗುತ್ತೆ. ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿರಬಹುದು, ಗಟ್ಟಿಯಾಗಿ ಅಥವಾ ಮೆತ್ತಗೆ ಸಿಗಬಹುದು, ಬಣ್ಣ ಇನ್ನಷ್ಟು ಕಪ್ಪಾಗಿರಬಹುದು. ಇದನ್ನು ಕೈ ಹಿಡಿದು ಹತ್ತು ನಿಮಿಷದಲ್ಲಿ ತೋರಿಸಬಹುದಿತ್ತು. ಎರಡು ದಿನದ ಟ್ರೈನಿಂಗ್‌ನಲ್ಲಿ ಆ ಹತ್ತು ನಿಮಿಷ ಇರಲಿಲ್ಲ.

ಇದು ಬರೀ ನಮ್ಮೂರಿನ ಖಾಯಿಲೆ ಅಲ್ಲ. ಅಮೆರಿಕದಲ್ಲಿ ಮೆಡಿಕೇಡ್ ದುಡ್ಡಿನಲ್ಲಿ ನಡೆಯುವ ಮನೆ ಆರೈಕೆಗೆ 2016ರ ಕಾನೂನೊಂದು ಎಲೆಕ್ಟ್ರಾನಿಕ್ ಹಾಜರಿಯನ್ನು ಕಡ್ಡಾಯ ಮಾಡಿತು. ದಾಖಲಾಗಬೇಕಾದ್ದು ಆರು ವಿಷಯ: ಯಾವ ಸೇವೆ, ಯಾರಿಗೆ, ಯಾರಿಂದ, ಯಾವ ದಿನ, ಎಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ. ರೋಗಿ ಹೇಗಿದ್ದಾರೆ ಅನ್ನೋದು ಈ ಆರರಲ್ಲಿ ಇಲ್ಲ. ಹೋಗದೇ ಬಿಲ್ ಮಾಡುವ ಮೋಸ ತಡೆಯಲು ಬಂದ ವ್ಯವಸ್ಥೆ ಅದು, ಮೋಸವೂ ಸುಳ್ಳಲ್ಲ. ರೋಗಿಯ ಸ್ಥಿತಿ ಕೇಳುವ 'ಓಯಾಸಿಸ್' ಎಂಬ ಬೇರೆ ಫಾರಂ ಅಲ್ಲಿ 1999ರಿಂದ ಇದೆ. ಆದರೆ ಮರುವರ್ಷವೇ ಮೆಡಿಕೇರ್ ದುಡ್ಡನ್ನೂ ಅದರ ಉತ್ತರಗಳಿಗೆ ಗಂಟುಹಾಕಿದರು. ದುಡ್ಡು ಫಾರಂನಲ್ಲಿದ್ದರೆ ಟ್ರೈನಿಂಗೂ ಫಾರಂ ಕಡೆಗೇ ವಾಲುತ್ತೆ. ಇಂಥ ಸಾಫ್ಟ್‌ವೇರ್ ಬರೆಯುವವರು, ಟೆಸ್ಟ್ ಮಾಡುವವರು ನಮ್ಮ ಬೆಂಗಳೂರಲ್ಲೂ ಇದ್ದಾರೆ. ನಿಮ್ಮಲ್ಲೇ ಕೆಲವರಿರಬಹುದು.

ಬೇರೆ ದಾರಿಯೇ ಇಲ್ಲವಾ? ನೆದರ್ಲೆಂಡ್ಸ್‌ನಲ್ಲಿ ಯೋಸ್ ದ ಬ್ಲಾಕ್ ಎಂಬ ನರ್ಸ್ 2006ರಲ್ಲಿ 'ಬ್ಯೂರ್ಟ್‌ಝೋರ್ಖ್' ಶುರುಮಾಡಿದರು. ಹೆಚ್ಚೆಂದರೆ ಹನ್ನೆರಡು ಜನರ ತಂಡ, ಮೇಲೆ ಮ್ಯಾನೇಜರ್ ಇಲ್ಲ. ಅವರು ಬಳಸುವ 'ಒಮಾಹಾ ಸಿಸ್ಟಂ' ಪ್ರತಿ ಸಮಸ್ಯೆಗೂ ಮೂರು ಅಂಕ ಕೇಳುತ್ತೆ: ರೋಗಿಗೆ ಅದರ ಬಗ್ಗೆ ಎಷ್ಟು ಗೊತ್ತು, ಏನು ಮಾಡ್ತಿದ್ದಾರೆ, ಈಗ ಹೇಗಿದ್ದಾರೆ. 1ರಿಂದ 5ರವರೆಗೆ. ನೋಡದೆ, ಮಾತಾಡಿಸದೆ ಈ ಅಂಕ ಕೊಡೋಕಾಗಲ್ಲ. ಹೋದ ತಿಂಗಳು 4 ಇದ್ದದ್ದು ಈಗ 3 ಆಗಿದ್ದರೆ ತಂಡ ಕೂತು ಯಾಕೆ ಅಂತ ಕೇಳಬಹುದು. ಅಲ್ಲಿ ದಾಖಲೆಯೇ ಪಾಠ.

ಅಲ್ಲಿನವರು ಓದಿದ ನರ್ಸ್‌ಗಳು, ನಮ್ಮಲ್ಲಿ ಹಾಗಲ್ಲ ಅಂತೀರಿ. ಸರಿ. ಓದು ಕಡಿಮೆ ಇದ್ದವರಿಗೆ ಟ್ರೈನಿಂಗ್ ಜಾಸ್ತಿ ಬೇಕಲ್ಲವಾ? ನಾವು ತಿರುಗುಮುರುಗು ಮಾಡಿದ್ದೇವೆ. ಟ್ರೈನಿಂಗ್ ಕೊರತೆಯನ್ನು ಆಪ್‌ನಿಂದ ಮುಚ್ಚಿ, ಆಪ್ ಬಳಕೆಯನ್ನೇ ಟ್ರೈನಿಂಗ್ ಅಂತ ಕರೆದಿದ್ದೇವೆ. ಆ ಟಿಕ್ಕು ಅಪ್ಪನಿಗಾಗಿ ಇರಲಿಲ್ಲ. ಏಜೆನ್ಸಿಯ ಬಿಲ್ಲಿಗೆ ಇತ್ತು, ಮೀಟಿಂಗ್‌ನಲ್ಲಿ ಕೂತಿದ್ದ ನನ್ನ ನೆಮ್ಮದಿಗೆ ಇತ್ತು.

ಡ್ರೆಸಿಂಗ್ ಮಾಡಲು ಬಂದ ಹಿರಿಯ ನರ್ಸ್ ಒಬ್ಬರು ಹುಡುಗಿಯ ಕೈ ಹಿಡಿದು ಅಪ್ಪನ ಬೆನ್ನು, ಸೊಂಟ, ಹಿಮ್ಮಡಿ ಮುಟ್ಟಿಸಿ ತೋರಿಸಿದರು. ಹತ್ತೇ ನಿಮಿಷ. ಮುಂದಿನ ವಾರ ಅವಳೇ ಕರೆದಳು, "ಅಕ್ಕಾ, ತಾತನ ಎಡಗಾಲಿನ ಹಿಮ್ಮಡಿ ಬಿಸಿ ಇದೆ." ತಕ್ಷಣ ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಟ್ಟೆವು. ಅಲ್ಲಿ ಚರ್ಮ ಒಡೆಯಲಿಲ್ಲ.

ಇದನ್ನು ಬರೆದಿಡಲು ಆಪ್‌ನಲ್ಲಿ ಜಾಗ ಇರಲಿಲ್ಲ. ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಳು.