ರನ್‌ವೇ ಉದ್ದವಾದರೆ ಸಾಕೇ?

ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ಎಲ್ಲರ ಬಾಯಲ್ಲೂ ಇದ್ದ ಸಂಖ್ಯೆ 3,200. ಅದು ರನ್‌ವೇಯ ಉದ್ದ, ಮೀಟರುಗಳಲ್ಲಿ. ಬೆಂಗಳೂರನ್ನು ಬಿಟ್ಟರೆ ರಾಜ್ಯದಲ್ಲೇ ಅತಿ ಉದ್ದದ ರನ್‌ವೇ ಎಂಬ ಪ್ರಚಾರವೂ ನಡೆಯಿತು. ಇಂದು ದಾವಣಗೆರೆಗೂ ನಿಲ್ದಾಣ ಬೇಕೆಂಬ ಬೇಡಿಕೆ ಇದೆ. ನಿಟ್ಟುವಳ್ಳಿಯಲ್ಲಾಗಲಿ ಹರಿಹರದಲ್ಲಾಗಲಿ ಈ ಚರ್ಚೆ ನಡೆದಾಗ ಉದ್ದವೊಂದನ್ನೇ ಅಳತೆಗೋಲಾಗಿ ಹಿಡಿಯುವುದು ಎಷ್ಟು ಸರಿ?

ಮೊದಲು ಉದ್ದದ ಪರವಾಗಿ ಇರುವ ವಾದವನ್ನು ನೋಡೋಣ. ವಿಮಾನವನ್ನು ಎತ್ತುವ ಬಲವು ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ನಮ್ಮ ಬಯಲುಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಉಷ್ಣತೆ 36 ಡಿಗ್ರಿ ಮುಟ್ಟಿದಾಗ ಇಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಸುಮಾರು ಶೇ. 13ರಷ್ಟು ಕಡಿಮೆ. ಆದ್ದರಿಂದ ವಿಮಾನವು ಶೇ. 7ರಷ್ಟು ಹೆಚ್ಚು ವೇಗ ಪಡೆಯಬೇಕು. ಎಂಜಿನ್ನಿನ ನೂಕುಬಲವೂ ತಗ್ಗುವುದರಿಂದ ಓಡಬೇಕಾದ ದೂರ ಇನ್ನೂ ಬೆಳೆಯುತ್ತದೆ.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸ್ಥೂಲ ಸೂತ್ರದಂತೆ ಪ್ರತಿ 300 ಮೀಟರ್ ಎತ್ತರಕ್ಕೆ ಶೇ. 7, ಆ ಎತ್ತರದ ಪ್ರಮಾಣಿತ ಉಷ್ಣತೆಗಿಂತ ಮೇಲಿನ ಪ್ರತಿ ಡಿಗ್ರಿಗೆ ಶೇ. 1 ಉದ್ದ ಸೇರಿಸಬೇಕು. ಸಮುದ್ರಮಟ್ಟದಲ್ಲಿ 2,100 ಮೀಟರ್ ಬೇಕಾಗುವ ಜೆಟ್ ವಿಮಾನವನ್ನು ತೆಗೆದುಕೊಳ್ಳಿ. ಎತ್ತರಕ್ಕೆ ಶೇ. 14 ಸೇರಿಸಿದರೆ 2,394 ಮೀಟರ್. 600 ಮೀಟರಿನಲ್ಲಿ ಪ್ರಮಾಣಿತ ಉಷ್ಣತೆ ಸುಮಾರು 11 ಡಿಗ್ರಿ. ಹೆಚ್ಚುವರಿ 25 ಡಿಗ್ರಿ. ಒಟ್ಟು ಸುಮಾರು 3,000 ಮೀಟರ್! ತಿದ್ದುಪಡಿ ಶೇ. 35ನ್ನು ಮೀರಿದರೆ ಪ್ರತ್ಯೇಕ ಅಧ್ಯಯನ ಮಾಡಬೇಕೆಂದೂ ಅದೇ ಸಂಸ್ಥೆ ಹೇಳುತ್ತದೆ. ಹೀಗಾಗಿ 3,200 ಮೀಟರ್ ದುಂದುವೆಚ್ಚವಲ್ಲ. ಆದರೆ ಅದು ಹೆಮ್ಮೆಯ ದಾಖಲೆಯೂ ಅಲ್ಲ. ಬೆಂಗಳೂರಿನ ಎಚ್.ಎ.ಎಲ್. ರನ್‌ವೇಯೇ ಸುಮಾರು 3,300 ಮೀಟರ್ ಇದೆ.

ಇನ್ನು ಉದ್ದ ಹೇಳದೆ ಬಿಡುವ ಸಂಗತಿಗಳು. ಶಿವಮೊಗ್ಗದಿಂದ ವಿಮಾನ ಸಂಚಾರ ಆರಂಭವಾದದ್ದು 2023ರ ಆಗಸ್ಟ್ 31ರಂದು, ಬೆಂಗಳೂರಿನ ಎ.ಟಿ.ಆರ್. ವಿಮಾನದೊಂದಿಗೆ. ಇದಕ್ಕೆ 3,200 ಮೀಟರ್ ಬೇಕಿಲ್ಲ. ಬೇಕಿದ್ದದ್ದು ಕಣ್ಣಿಗೆ ಕಾಣುವ ರನ್‌ವೇ. ಕಣ್ಣಳತೆಯ ನಿಯಮದಂತೆ ಹಾರುವಾಗ 5 ಕಿಲೋಮೀಟರ್ ಗೋಚರತೆ ಬೇಕು. ಮಲೆನಾಡಿನ ಅಂಚಿನಲ್ಲಿ ಮಳೆಗಾಲದ ಮೋಡ, ಚಳಿಗಾಲದ ಮಂಜು ಇದನ್ನು ಸುಲಭವಾಗಿ ಕಸಿದುಕೊಳ್ಳುತ್ತವೆ. ರೇಡಿಯೋ ಸಂಕೇತಗಳಿಂದ ದಿಕ್ಕು ಮತ್ತು ಇಳಿಜಾರು ತೋರಿಸುವ ಉಪಕರಣಗಳು, ದೀಪಗಳ ಸಾಲು, ಹವಾಮಾನ ವೀಕ್ಷಣೆ ಇಲ್ಲದಿದ್ದರೆ ಎಷ್ಟು ಉದ್ದದ ರನ್‌ವೇ ಇದ್ದರೂ ವಿಮಾನ ಹಿಂದಿರುಗಬೇಕಾಗುತ್ತದೆ.

ಅಡ್ಡಗಾಳಿಯ ಲೆಕ್ಕವೂ ಮುಖ್ಯ. ರನ್‌ವೇಗೆ 30 ಡಿಗ್ರಿ ಕೋನದಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಅಡ್ಡ ಘಟಕ 20 ಕಿ.ಮೀ.; ಕೋನ 90 ಡಿಗ್ರಿಯಾದರೆ ಪೂರ್ಣ 40. ದೊಡ್ಡ ರನ್‌ವೇಗಳಿಗೆ ಇರುವ ಮಿತಿ 37 ಕಿ.ಮೀ.; ಶೇ. 95ರಷ್ಟು ಕಾಲ ಈ ಮಿತಿಯೊಳಗೆ ಇರುವಂತೆ ದಿಕ್ಕನ್ನು ಆರಿಸಬೇಕು. ಇದಕ್ಕೆ ಹಲವು ವರ್ಷಗಳ ಗಾಳಿಯ ದಾಖಲೆ ಬೇಕು.

ಉದ್ದವಿದ್ದೂ ಕೆಲಸಕ್ಕೆ ಬಾರದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಮಂಗಳೂರಿನ ಬಜ್ಪೆಯಲ್ಲಿ 2010ರ ಮೇ 22ರಂದು ಇಳಿದ ವಿಮಾನಕ್ಕೆ 2,450 ಮೀಟರ್ ರನ್‌ವೇ ಲಭ್ಯವಿತ್ತು. ಸರಿಯಾದ ಎತ್ತರದಲ್ಲಿ ಬಾರದೆ ಅದು ಸುಮಾರು 1,600 ಮೀಟರ್ ದಾಟಿ ನೆಲ ಮುಟ್ಟಿತು. ಉಳಿದದ್ದು 850 ಮೀಟರ್, ಆಚೆ ಕಣಿವೆ. 166 ಮಂದಿಯಲ್ಲಿ 158 ಮಂದಿ ಸತ್ತರು. ರನ್‌ವೇ ಮುಗಿದ ಮೇಲೆ ಏನಿದೆ ಎಂಬುದು ರನ್‌ವೇಯಷ್ಟೇ ಮುಖ್ಯವೆಂದು ಆ ದಿನ ತೋರಿಸಿತು. ಅಂಚಿನ ಆಚೆಗೆ 240 ಮೀಟರ್ ಸುರಕ್ಷಾ ಜಾಗ ಬಿಡಬೇಕೆಂಬ ಶಿಫಾರಸು ಇರುವುದು ಇದಕ್ಕಾಗಿಯೇ.

ದಾವಣಗೆರೆಯ ಬೇಡಿಕೆ ನ್ಯಾಯವಾದದ್ದೇ ಇರಬಹುದು. ಆದರೆ ಜನ ಕೇಳಬೇಕಾದ್ದು ಎಷ್ಟು ಮೀಟರ್ ಎಂದಷ್ಟೇ ಅಲ್ಲ: ಗಾಳಿಯ ದಾಖಲೆ ಎಷ್ಟು ವರ್ಷದ್ದು? ಮಂಜಿನ ದಿನಗಳೆಷ್ಟು? ಇಳಿಯಲು ನೆರವಾಗುವ ಉಪಕರಣಗಳು ಮೊದಲ ದಿನದಿಂದಲೇ ಇರುತ್ತವೆಯೇ? ಅಂಚಿನ ಆಚೆ ಏನಿದೆ? ಶಿಕ್ಷಕರು ಮೇಲಿನ ಲೆಕ್ಕಗಳನ್ನು ತರಗತಿಯಲ್ಲಿ ಮಾಡಿಸಬಹುದು. ತ್ರಿಕೋನಮಿತಿ, ಸಾಂದ್ರತೆ, ಶೇಕಡಾವಾರು ಎಲ್ಲವೂ ಇದರಲ್ಲಿವೆ. ಲೆಕ್ಕ ಮಾಡಬಲ್ಲ ವಿದ್ಯಾರ್ಥಿ ನಾಳೆ ಘೋಷಣೆಯನ್ನೂ ಅಳೆಯಬಲ್ಲ.