ಚರಂಡಿಗುಂಡಿಗೆ ಇಳಿದವರು ಯಾರು?

ಮೊಹೆಂಜೊದಾರೊ ಪಾಠ ಮಾಡುವಾಗ ನಾವು ಮೇಷ್ಟ್ರುಗಳು ಹೆಮ್ಮೆಯಿಂದ ಹೇಳ್ತೀವಿ: ನಾಲ್ಕೂವರೆ ಸಾವಿರ ವರ್ಷದ ಹಿಂದೆಯೇ ಎಂಥಾ ಚರಂಡಿ ಕಟ್ಟಿದ್ದರು! ಆ ಚರಂಡಿಯ ಗುಂಡಿ ತುಂಬಿದಾಗ ಬಾಚಿದವರು ಯಾರು ಸಾರ್ ಅಂತ ಹಿಂದಿನ ಬೆಂಚಿನ ಹುಡುಗ ಕೇಳಿದರೆ? ಪಾಠದಲ್ಲಿ ಉತ್ತರವಿಲ್ಲ. ನಗರ ಹುಟ್ಟಿದ್ದು ಹೇಗೆಂದು ಹೇಳುವ ಸಿದ್ಧಾಂತಗಳನ್ನು ಈ ಹುಡುಗನ ಎದುರು ನಿಲ್ಲಿಸಿ ನೋಡೋಣ.

ಮೊದಲಿಗೆ ಗಾರ್ಡನ್ ಚೈಲ್ಡ್. 1950ರಲ್ಲಿ ಬರೆದ 'ನಗರ ಕ್ರಾಂತಿ' ಲೇಖನದಲ್ಲಿ ಆತ ನಗರದ ಹತ್ತು ಲಕ್ಷಣ ಪಟ್ಟಿ ಮಾಡಿದ. ರೈತರು ಉಂಡು ಮಿಕ್ಕ ಧಾನ್ಯ ದೇವರಿಗೋ ದೊರೆಗೋ ಸೇರಿತು. ಅದರ ಮೇಲೆ ಕಸುಬುದಾರರು, ಪುರೋಹಿತರು, ಬರಹ, ದೊಡ್ಡ ಕಟ್ಟಡಗಳು ಬಂದವು ಎಂದ. ಚೈಲ್ಡ್ ಮಾರ್ಕ್ಸ್‌ವಾದಿ. ಆಳುವ ವರ್ಗವನ್ನು ಅವನು ಮರೆಮಾಚಲಿಲ್ಲ, ಅದಕ್ಕೆ ನಮಸ್ಕಾರ. ಆದರೆ ಆ 'ಮಿಕ್ಕ' ಅನ್ನೋ ಮಾತಿದೆಯಲ್ಲ, ಅಲ್ಲೇ ತಕರಾರು. ದುಡಿಯುವವನ ಮನೆಯಲ್ಲಿ ಕಾಳು ತಾನಾಗಿ ಮಿಗುತ್ತದೆಯೇ? ಹೊಟ್ಟೆ ಕಟ್ಟಿ ಮಿಗಿಸಬೇಕು. ಇಲ್ಲವೇ ಕಣದಲ್ಲೇ ಯಾರೋ ಅಳೆದುಕೊಂಡು ಹೋಗಬೇಕು.

ಇರಾಕಿನ ಉರುಕ್ ನೋಡಿ. ಐದು ಸಾವಿರ ವರ್ಷಕ್ಕೂ ಹಿಂದಿನ ಒರಟು ಮಣ್ಣಿನ ಬಟ್ಟಲುಗಳು ಅಲ್ಲಿ ರಾಶಿ ರಾಶಿ ಸಿಕ್ಕಿವೆ. ದುಡಿದವರಿಗೆ ಪಡಿ ಅಳೆದ ಬಟ್ಟಲೆಂದು ಹಲವರು, ರೊಟ್ಟಿಯ ಅಚ್ಚೆಂದು ಕೆಲವರು ಹೇಳುತ್ತಾರೆ. ಅಲ್ಲಿನ ಮೊದಮೊದಲ ಬರಹದಲ್ಲಿ ಉಣ್ಣುವುದಕ್ಕೆ ಗುರುತು ಒಂದು ತಲೆ, ಒಂದು ಬಟ್ಟಲು. ಆ ಮಣ್ಣಿನ ಹಲಗೆಗಳಲ್ಲಿ ಇರುವುದು ಬಹುಪಾಲು ಲೆಕ್ಕ.

1957ರಲ್ಲಿ ಕಾರ್ಲ್ ವಿಟ್‌ಫೋಗೆಲ್ ದೊಡ್ಡ ನೀರಾವರಿಗೆ ದೊಡ್ಡ ಅಧಿಕಾರ ಬೇಕಾಯಿತು ಎಂದು ವಾದಿಸಿದ. ಅಂದರೆ ದೊರೆ ಇಲ್ಲದೆ ಕಾಲುವೆ ಇಲ್ಲ! ಆ ನೆಲವನ್ನೇ ಸುತ್ತಿ ನೋಡಿದ ರಾಬರ್ಟ್ ಆಡಮ್ಸ್ ಬೇರೆಯೇ ಹೇಳಿದ: ಮೊದಲಿನ ಕಾಲುವೆಗಳು ಸಣ್ಣವು, ಊರಿನವರೇ ನಿಭಾಯಿಸುವಂಥವು, ದೊಡ್ಡವು ಬಂದದ್ದು ರಾಜ್ಯ ಬಲಿತ ಮೇಲೆ. ದೊರೆ ಬರುವ ಮೊದಲೇ ಜನ ನೀರು ಹರಿಸಿದ್ದರು.

ಇನ್ನು ನಮ್ಮ ಹುಡುಗ ಕೇಳಿದ ಸಿಂಧೂ ನಗರಗಳು. 1946ರಲ್ಲಿ ಹರಪ್ಪ ಅಗೆಸಿದ ಬ್ರಿಗೇಡಿಯರ್ ಮಾರ್ಟಿಮರ್ ವೀಲರನಿಗೆ ಕೋಟೆ, ಕಣಜ, ಕೂಲಿ ಲೈನು ಕಂಡವು. ಕಣಜವೆಂದ ಕಟ್ಟಡದಲ್ಲಿ ಕಾಳಿನ ಗುರುತು ಸಿಗಲಿಲ್ಲ. ಅರಮನೆ ಎಂದು ಒಪ್ಪುವಂಥದ್ದು, ರಾಜನ ಗೋರಿ ಎನ್ನುವಂಥದ್ದು ಇವತ್ತಿಗೂ ಸಿಕ್ಕಿಲ್ಲ. ಹಾಗಾಗಿ ಈಚೆಗೆ ಕೆಲವು ವಿದ್ವಾಂಸರು ಅದು ದೊರೆಯಿಲ್ಲದ, ಸಮಾನತೆಯ ನಗರ ಎನ್ನುತ್ತಿದ್ದಾರೆ. ಕೇಳೋಕೆ ಚೆನ್ನಾಗಿದೆ. ನಮಗೂ ಅಂಥದ್ದೇ ಬೇಕು. ಆದರೆ ಗುಂಡಿ ಬಾಚೋಕೆ ಸರದಿಯ ಮೇಲೆ ಎಲ್ಲ ಮನೆಯವರೂ ಬಂದರೋ, ಒಂದೇ ಕೇರಿಯವರು ಬಂದರೋ? ಅದು ತಿಳಿಯದೆ ಸಮಾನತೆ ಎಂದು ಹೇಗೆ ಒಪ್ಪೋದು?

ಇಂದಿನ ಜಾತಿಯನ್ನು ಆ ಇಟ್ಟಿಗೆಗಳ ಮೇಲೆ ಹೊರಿಸುವುದೂ ಬೇಡ, ಆಧಾರವಿಲ್ಲ. ಆದರೆ ಮಲ ಬಾಚಿಸುವುದನ್ನು ನಿಷೇಧಿಸಿ 2013ರಲ್ಲಿ ಕಾನೂನು ಬಂದ ಮೇಲೂ ನಮ್ಮ ನಗರಗಳ ಗುಂಡಿಗಳಲ್ಲಿ ನಮ್ಮವರು ಉಸಿರುಕಟ್ಟಿ ಸಾಯುತ್ತಿದ್ದಾರೆ. ಹಾಗಾಗಿ ಈ ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಮೇಷ್ಟ್ರೇ, ಆ ಹುಡುಗನನ್ನು ಗದರಿಸಿ ಕೂರಿಸಬೇಡಿ.